ಮೊರ್ಯರ ಗುಡ್ಡ ಇಳಿದು ಆನೆಗೊಂದಿಗೆ

ಎಳೆ ಜೋಳದ ಸೀತನಿ ಸುಡಲು ಕುಳ್ಳು ಹೊತ್ತಿಸಿದ ಮೇಲೆ ಅದು ಕೆಂಡವಾಗುವ ತನಕ ಯಾರಾದರೂ ಒಂದು ಕಥೆ ಹೇಳಬೇಕು. ಯಲಬುರ್ಗಾ ಸೀಮೆಯ ನಮ್ಮ ಹೊಲದಲ್ಲಿ ಈ ಸಲ ಆ ಪಾಳಿ ನನಗೆ ಬಂತು. ಮಕ್ಕಳಿಗೆ ದೆವ್ವದ ಕಥೆ ಬೇಕಿತ್ತು. ದೆವ್ವ ಬೇಡ, ಸತ್ತವರಿಗೆ ಮನೆ ಕಟ್ಟಿದವರ ಕಥೆ ಹೇಳುತ್ತೇನೆ, ಅದೂ ಕಣ್ಣಾರೆ ಕಂಡದ್ದು, ಅಂದೆ. ಒಪ್ಪಿಕೊಂಡರು. ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೊರೊನಾದ ಎರಡನೇ ಅಲೆ ಇಳಿದ ಮೇಲೆ ಬಂದ ಚಳಿಗಾಲ ಅದು. ನನ್ನ ಅಕ್ಕನ ಮಗ ಟಾಂಜಾನಿಯಾದಿಂದ ರಜೆಗೆ ಬಂದಿದ್ದ. ಕಿಲಿಮಂಜಾರೋ ಬೆಟ್ಟದ ಬುಡದಲ್ಲಿ ಮೋಶಿ ಅಂತ ಒಂದು ಪಟ್ಟಣ. ಅಲ್ಲಿ ಅವನ ಕೆಲಸ. ಹುಟ್ಟಿ ಬೆಳೆದದ್ದು ಮಾತ್ರ ಗಂಗಾವತಿಯಲ್ಲಿ. ಬಂದ ದಿನವೇ ಊಟಕ್ಕೆ ಕೂತವನು, "ಮಾಮಾ, ನನಗ ಆನೆಗೊಂದಿ ತೋರಸು" ಅಂದ. ಅಕ್ಕ ನಕ್ಕಳು. "ಸಣ್ಣಾಂವ ಇದ್ದಾಗ ಎಷ್ಟ ಸಲ ಅಂಜನಾದ್ರಿ ಹತ್ತಿಲ್ಲ ನೀನು" ಅಂದಳು. "ಹತ್ತೀನಿ ಯವ್ವಾ. ಮೆಟ್ಲಾ ಹತ್ತಿ ಕಾಯಿ ಒಡಸ್ಕೊಂಡು ಇಳದೀನಿ. ಊರು ನೋಡಿಲ್ಲ" ಅಂದ.

ಆಮೇಲೆ ಅವನು ಹೇಳಿದ್ದನ್ನು ಕೇಳುತ್ತ ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಕಿಲಿಮಂಜಾರೋ 5,895 ಮೀಟರ್ ಎತ್ತರ. ತುದಿ ಮುಟ್ಟಬೇಕಾದರೆ ಐದಾರು ದಿನ ಬೇಕು. ಅಷ್ಟು ದಿನ, ಅಷ್ಟು ದುಡ್ಡು, ಅಷ್ಟು ಉಸಿರು ಇಲ್ಲದವರು ಮಾರಂಗು ಹೆಬ್ಬಾಗಿಲಿನಿಂದ ಕಾಡಿನೊಳಗೆ ನಡೆದು 2,720 ಮೀಟರ್ ಎತ್ತರದ ಮಂದಾರಾ ಗುಡಿಸಲಿನ ತನಕ ಹೋಗಿ ಸಂಜೆಯೊಳಗೆ ಇಳಿದು ಬರುತ್ತಾರೆ. ಅವನೂ ಹೋಗಿದ್ದನಂತೆ. ಆದರೆ ಅವನ ಮನಸ್ಸಿನಲ್ಲಿ ಉಳಿದದ್ದು ಮರುದಿನ ಮಾರಂಗು ಊರೊಳಗೆ ನಡೆದ ನಡಿಗೆ. ಅಲ್ಲಿನವರು ಚಗ್ಗಾ ಜನ. ಪ್ರತಿ ಮನೆಯ ಸುತ್ತ ಬಾಳೆಯ ತೋಟ, ಬಾಳೆಯ ನೆರಳಿಗೆ ಕಾಫಿ, ಕಾಫಿಯ ಬುಡಕ್ಕೆ ಕೆಸುವಿನ ಗಡ್ಡೆ, ಅವರೆ. ಊರವನೇ ಒಬ್ಬ ಮುಂದೆ ನಡೆದು ತೋರಿಸುತ್ತಾನೆ. "ಆತ ಮೊದಲ ಬೆಟ್ಟದ ತುದಿ ತೋರಸ್ಲಿಲ್ಲ ಮಾಮಾ. ಕಾಲುವಿ ತೋರಿಸಿದ. ಮ್ಯಾಲಿನ ಹಳ್ಳದಿಂದ ಅವರ ಹಿರಿಯಾರು ಕಡದ ಕಾಲುವಿ. ನೀರು ಯಾರ ತ್ವಾಟಕ್ಕ ಯಾವಾಗ, ದಂಡಿ ಒಡದ್ರ ಯಾರ್‍ಯಾರು ಬರಬೇಕು, ಎಲ್ಲಾ ಹೇಳಿದ. ಮಸಾಯಿಗಳು ದಾಳಿ ಮಾಡಿದಾಗ ಅವರ ಮುತ್ಯಾರು ಅಡಗಿ ಕೂಡತಿದ್ದ ನೆಲದೊಳಗಿನ ಗವಿಯೊಳಗೂ ಇಳಿಸಿದ. ನನಗ ಆನೆಗೊಂದಿ ಬಾಳಿ ತ್ವಾಟ ನೆನಪಾತು. ನಮ್ಮ ಕಾಲುವಿ ಯಾರು ಕಡದದ್ದು ಅಂತ ಅಂವಾ ಕೇಳಿದ್ರ ನಾ ಏನ ಹೇಳ್ತಿದ್ದೆ?"

ಜೀವಮಾನವೆಲ್ಲ ಇತಿಹಾಸ ಪಾಠ ಹೇಳಿದ ಮಾಸ್ತರ ನಾನು. ಅವನ ಆ ಪ್ರಶ್ನೆಯ ಮುಂದೆ ಸುಮ್ಮನೆ ಕೂರಲು ಆಗಲಿಲ್ಲ. ಆನೆಗೊಂದಿಯಿಂದಲೇ ಶುರು ಮಾಡುವುದು ಬೇಡ, ಅದಕ್ಕಿಂತ ಹಳೆಯದರಿಂದ ಶುರು ಮಾಡೋಣ, ಬೆಳಿಗ್ಗೆ ಹಿರೇಬೆಣಕಲ್ ಗುಡ್ಡ, ಮಧ್ಯಾಹ್ನದ ಮೇಲೆ ಆನೆಗೊಂದಿ ಎಂದು ಗೊತ್ತು ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಆ ಗುಡ್ಡದಲ್ಲೇ ಕುರಿ ಕಾಯ್ದು ಮುಪ್ಪಾದವರು. ಅವರಿಗೆ ಫೋನ್ ಹಚ್ಚಿಸಿದೆ.

ನಸುಕಿನಲ್ಲಿ ಗಂಗಾವತಿ ಬಿಟ್ಟೆವು. ಅಕ್ಕ ಕಟ್ಟಿಕೊಟ್ಟ ಬುತ್ತಿಯಲ್ಲಿ ಜೋಳದ ಕಟಕರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಿರೇಬೆಣಕಲ್ಲಿನ ಅಗಸಿಯಲ್ಲಿ ಆ ಅಜ್ಜ ಕಂಬಳಿ ಹೊದ್ದು, ಕೈಯಲ್ಲಿ ಒಂದು ಕೋಲು, ಹೆಗಲಲ್ಲಿ ಒಂದು ಕಟ್ಟಿಗೆಯ ಕೊಡತಿ ಇಟ್ಟುಕೊಂಡು ನಿಂತಿದ್ದರು. ಕೊಡತಿ ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಅಳಿಯನ ಬೂಟು ನೋಡಿ, "ಬಂಡಿ ಮ್ಯಾಲ ಜಾರತಾವ ಇವು, ನಾ ಕಾಲಿಟ್ಟಲ್ಲೆ ಕಾಲಿಡು ತಮ್ಮಾ" ಅಂದು ಹೊರಟೇಬಿಟ್ಟರು.

ಈ ಗುಡ್ಡಕ್ಕೆ ಮೆಟ್ಟಿಲಿಲ್ಲ. ಹಾಸುಬಂಡೆ, ಮುಳ್ಳುಕಂಟಿ, ಮತ್ತೆ ಹಾಸುಬಂಡೆ. ಒಂದು ಕಡೆ ಅಜ್ಜ ಕೋಲು ಅಡ್ಡ ಹಿಡಿದು ನಿಲ್ಲಿಸಿದರು. ಒಂದು ಹುತ್ತ ಒಡೆದು ಮಣ್ಣು ಚೆಲ್ಲಿತ್ತು, ಮಣ್ಣು ಇನ್ನೂ ಹಸಿ. "ರಾತ್ರಿ ಕರಡಿ ಬಂದೈತಿ. ಗೆದ್ದಲ ತಿಂದು ಹೋಗೈತಿ. ಮಾತಾಡ್ಕೋತ ಬರ್ರಿ, ಸಪ್ಪಳ ಕೇಳಿದ್ರ ತಾನ ದೂರ ಹೊಕ್ಕೈತಿ." ನಮ್ಮ ಸೀಮೆಯ ಕರಡಿಗೆ ಈ ಬಂಡೆಗಳ ಸಂದೇ ಮನೆ. ಅಂದಾಜು 250 ಕೋಟಿ ವರ್ಷದ ಹಿಂದಿನ ಗ್ರಾನೈಟ್ ಇದು. ಬಿಸಿಲಿಗೆ, ಮಳೆಗೆ ಪದರು ಪದರಾಗಿ ಬಿಚ್ಚಿಕೊಳ್ಳುತ್ತ, ಮೂಲೆ ಸವೆಯುತ್ತ ಹೀಗೆ ಒಂದರ ಮೇಲೊಂದು ಗುಂಡಾಗಿ ಕೂತಿದೆ. ಪದರಾಗಿ ಬಿಚ್ಚುವ ಆ ಗುಣವನ್ನು ನೆನಪಿಟ್ಟುಕೋ ಅಂತ ಅಳಿಯನಿಗೆ ಹೇಳಿದೆ. ಮುಂದೆ ನೋಡಲಿರುವುದೆಲ್ಲ ಆ ಗುಣದಿಂದಲೇ ಆದದ್ದು.

ದಾರಿಯಲ್ಲಿ ಬಂಡೆಯ ಚಾಚಿನ ಕೆಳಗೆ ಕೆಂಪು ಬಣ್ಣದ ಚಿತ್ರಗಳಿದ್ದವು. ಪ್ರಾಣಿಗಳು, ಬೇಟೆ, ಸಾಲಾಗಿ ಕುಣಿಯುವ ಜನ. ಅಜ್ಜ ಅದನ್ನು ಮುಟ್ಟಗೊಡಲಿಲ್ಲ. ಪಕ್ಕದಲ್ಲೇ ಯಾರೋ ಹುಡುಗ ಹುಡುಗಿಯ ಹೆಸರು ಸುಣ್ಣದಲ್ಲಿ ಬರೆದಿದ್ದರು. ಅದನ್ನು ಕಂಡು ನನ್ನ ಹೊಟ್ಟೆ ಉರಿಯಿತು. ಸಾವಿರಾರು ವರ್ಷ ಮಳೆ ಗಾಳಿ ಅಳಿಸದೆ ಬಿಟ್ಟ ಚಿತ್ರ ಒಂದು ಡಬ್ಬಿ ಸುಣ್ಣಕ್ಕೆ ಹೋಗಬಾರದು.

ಏರು ಮುಗಿದು ಬಯಲು ಕಂಡಾಗ ಅಳಿಯ ಒಮ್ಮೆಗೇ ನಿಂತುಬಿಟ್ಟ. ನಾನು ಮೊದಲ ಸಲ ಕಂಡಾಗಲೂ ಹಾಗೇ ನಿಂತಿದ್ದೆ. ಕಣ್ಣು ಹರಿಯುವಷ್ಟು ದೂರ ಕಲ್ಲಿನ ಮನೆಗಳು. ಮೂರು ಕಡೆ ನೆಟ್ಟ ಚಪ್ಪಡಿ, ನಾಲ್ಕನೆಯ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ, ಮೇಲೊಂದು ಹಾಸುಗಲ್ಲಿನ ಮಾಳಿಗೆ. ಕೆಲವು ಮೊಣಕಾಲೆತ್ತರ, ಕೆಲವು ನನ್ನ ತಲೆಗಿಂತ ಎತ್ತರ. ಒಟ್ಟು ಸುಮಾರು 400. ಕ್ರಿಸ್ತಪೂರ್ವ 800ರಿಂದ 200ರ ನಡುವೆ, ಕಬ್ಬಿಣ ಕಂಡುಕೊಂಡ ಜನ, ತಮ್ಮಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು ಅಂತ ಬಲ್ಲವರು ಹೇಳುತ್ತಾರೆ. ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಇದರ ಬಗ್ಗೆ ಬರೆದ ಮೇಲೆ ಹೊರಗಿನವರಿಗೆ ಗೊತ್ತಾಯಿತು. ನಮ್ಮವರೇ ಆದ ಅ. ಸುಂದರ ಅವರು ಕರ್ನಾಟಕದ ಇಂಥ ಗೋರಿಗಳನ್ನು ಊರೂರು ತಿರುಗಿ ಅಳೆದು ಬರೆದರು. ನಾವು ಹೋದ ಅದೇ 2021ರಲ್ಲಿ ಈ ಗುಡ್ಡ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತ್ತು.

ಊರವರಿಗೆ ಇದು ಮೊರ್ಯರ ಗುಡ್ಡ. ಮೊರ್ಯರು ಅಂದರೆ ಕುಳ್ಳರು, ಗೇಣುದ್ದದ ಜನ, ಆದರೆ ಆನೆಯ ಬಲದವರು. "ಇಲ್ಲಾಂದ್ರ ಇಷ್ಟ ಸಣ್ಣ ಕಿಂಡ್ಯಾಗ ಹ್ಯಾಂಗ ಹೊಕ್ಕು ಬರತಿದ್ರು ಹೇಳ್ರಿ ಮಾಸ್ತರ್ರ? ಇಷ್ಟ ದೊಡ್ಡ ಕಲ್ಲ ಹ್ಯಾಂಗ ಎತ್ತತಿದ್ರು?" ಅಜ್ಜನ ತರ್ಕದಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ಬದಲಿಗೆ, ಕಲ್ಲು ಎಲ್ಲಿಂದ ತಂದರು ಅಂತ ಕೇಳಿದೆ. ಅಜ್ಜ ನಮ್ಮನ್ನು ಒಂದು ಕೊಳದ ದಂಡೆಗೆ ಕರೆದೊಯ್ದರು. "ಇಲ್ಲೆ ಕಿತ್ತಾರ. ಕಿತ್ತ ತಗ್ಗಿನ್ಯಾಗ ನೀರು ನಿಂತೈತಿ. ನನ್ನ ಕುರಿ ಬ್ಯಾಸಗಿಯೊಳಗ ಇದ ನೀರು ಕುಡಿತಾವ." ಬಂಡೆಯ ಪದರುಗಳ ನಡುವೆ ಮೀಟಿ ಚಪ್ಪಡಿ ಎಬ್ಬಿಸಿದ ಅಂಚುಗಳು ಕೊಳದ ಸುತ್ತ ಕಾಣುತ್ತಿದ್ದವು. ಸತ್ತವರಿಗೆ ಮನೆಯಾಯಿತು, ಬದುಕಿದವರಿಗೆ ನೀರಾಯಿತು. ಅಳಿಯ ಆ ದಂಡೆಯಲ್ಲಿ ಕೂತು ಬಹಳ ಹೊತ್ತು ಏನನ್ನೂ ಕೇಳಲಿಲ್ಲ.

ಕೆಲವು ಕಲ್ಮನೆಗಳ ಮಾಳಿಗೆ ಸರಿದಿತ್ತು, ಕೆಲವುಗಳ ಚಪ್ಪಡಿ ಮುರಿದು ನೆಲ ಅಗೆದಿತ್ತು. ಅಲ್ಲಿ ಮಾತ್ರ ಅಜ್ಜನ ದನಿ ಏರಿತು. "ನಿಧಿ ಹುಡುಕಾಕ ಬರ್ತಾವ ಮೂಳಗೋಳು, ಅಮಾಸಿ ರಾತ್ರಿ, ಲಿಂಬಿಹಣ್ಣು ಕುಂಕುಮ ಹಿಡ್ಕೊಂಡು. ಸತ್ತವರ ಮನ್ಯಾಗ ಏನ ಬಂಗಾರ ಇರ್ತೈತಿ? ಬಂಗಾರ ಇದ್ದವ್ರು ಕಲ್ಲ ಹೊರತಿದ್ರೇನು?"

ಇನ್ನು ನಗಾರಿ. ಮಕ್ಕಳಿಗೆ ಇದನ್ನು ಹೇಳುವಾಗ ನಾನು ಎದ್ದೇ ನಿಂತಿದ್ದೆ. ಒಂದು ಎತ್ತರದ ಬಂಡೆಯ ನೆತ್ತಿಯ ಮೇಲೆ ಅರ್ಧಗೋಳದಂಥ ಇನ್ನೊಂದು ಗುಂಡು ಕೂತಿದೆ. ಅಡ್ಡ ಸುಮಾರು ಎರಡು ಮೀಟರ್, ಎತ್ತರ ಒಂದೂವರೆ. ನಗಾರಿ ಗುಂಡು ಅಂತಾರೆ. ಅಲ್ಲಿಗೆ ಏರಿದ ಮೇಲೆ ಅಜ್ಜ ಹೆಗಲ ಮೇಲಿನ ಕೊಡತಿ ಇಳಿಸಿದರು. ಅಳಿಯ ಕಾಲ ಬುಡದಲ್ಲಿದ್ದ ಕಲ್ಲು ಎತ್ತಿಕೊಳ್ಳಲು ಬಗ್ಗಿದ. "ಕೆಳಗಿಡು. ಕಲ್ಲಿಗೆ ಕಲ್ಲು ಹಾಕಿದ್ರ ಮಾರಿ ಸೀಳತೈತಿ. ಕಟಗಿಲೆ ಹೊಡೀಬೇಕು, ಅದೂ ಒಂದ ಸಲ" ಅಂದರು. ಕಂಬಳಿ ತೆಗೆದು ಬಂಡೆಯ ಮೇಲಿಟ್ಟು, ಗುಂಡಿಗೆ ಕೈಮುಗಿದು, ಕೊಡತಿ ಎತ್ತಿ ಹೊಡೆದರು.

ಆ ಸದ್ದು ಕಲ್ಲಿನದಲ್ಲ. ಖಾಲಿ ಹಗೇವಿನ ಬಾಯಿಗೆ ಬಗ್ಗಿ ಕೂಗಿದಾಗ ಒಳಗಿನಿಂದ ಏಳುತ್ತದಲ್ಲ, ಅಂಥ ದನಿ. ಕಾಲ ಕೆಳಗಿನ ಬಂಡೆಯಿಂದ ಮೊಣಕಾಲಿಗೆ ಏರಿತು, ಎದೆಗೆ ಬಂತು, ಆಮೇಲೆ ಕಲ್ಮನೆಗಳ ಮೇಲೆ ಹಾದು ಗುಡ್ಡದಾಚೆ ಹೋಯಿತು. ಒಂದು ಕಿಲೋಮೀಟರ್ ಆಚೆಗೂ ಕೇಳುತ್ತದೆ ಅಂತ ಓದಿದ್ದೆ. ಓದಿದ್ದು ನಿಜವಾಯಿತು. ಯಾಕೆಂದರೆ ಕೆಳಗೆ ಬಹಳ ದೂರದ ಹಳ್ಳದ ಕಡೆಯಿಂದ ಒಂದು ನಾಯಿ ಬೊಗಳಿತು, ಅದರ ಹಿಂದೆಯೇ ಒಬ್ಬ ಹುಡುಗನ ಕೂಗು ಬಂತು, "ಓ..." ಅಂತ. ಅಜ್ಜನ ಮೊಮ್ಮಗ. ಕುರಿ ಬಿಟ್ಟುಕೊಂಡು ಹೋಗಿದ್ದ. "ಬಂದೀನಿ ಅಂತ ತಿಳೀತು ಅವಂಗ" ಅಂದರು ಅಜ್ಜ, ಕೊಡತಿ ಹೆಗಲಿಗೇರಿಸುತ್ತ.

ಆ ಜನ ಈ ನಗಾರಿಯನ್ನು ಸಾವಿಗೆ ಬಾರಿಸುತ್ತಿದ್ದರೋ, ಶತ್ರು ಬಂದರೆ ಬಾರಿಸುತ್ತಿದ್ದರೋ, ದೇವರಿಗೋ, ಬಲ್ಲವರು ಒಂದೊಂದು ಹೇಳುತ್ತಾರೆ. ನಾನು ಕಂಡದ್ದು ಇಷ್ಟು: ಮೇಲಿನವನು ಕರೆದ, ಕೆಳಗಿನವನು ಓ ಅಂದ. ಅಳಿಯನ ಕಣ್ಣು ಒದ್ದೆಯಾಗಿತ್ತು. ಇನ್ನೊಮ್ಮೆ ಬಾರಿಸಿ ಅಜ್ಜಾ, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂದ. ಅಜ್ಜ ಒಪ್ಪಲಿಲ್ಲ. ಇದು ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಜಾಗ. ಹೋದವರೆಲ್ಲ ಕೈಗೆ ಸಿಕ್ಕದ್ದರಿಂದ ಬಡಿಯುತ್ತ ಹೋದರೆ ಇನ್ನು ನೂರು ವರ್ಷಕ್ಕೆ ಆ ದನಿ ಉಳಿಯುವುದಿಲ್ಲ. ಅಜ್ಜನ ಒಂದೇ ಪೆಟ್ಟಿನ ನೇಮ ನನಗೆ ಸರಿ ಅನ್ನಿಸಿತು.

ಕೊಳದ ಪಕ್ಕ ಬುತ್ತಿ ಬಿಚ್ಚಿದೆವು. ಮೊಮ್ಮಗನೂ ಏರಿ ಬಂದು ಸೇರಿಕೊಂಡ. ಊಟವಾದ ಮೇಲೆ ಅಳಿಯ ನೋಟು ಮಡಚಿ ಅಜ್ಜನ ಕೈಗೆ ಕೊಡಹೋದ. ಅಜ್ಜ ಕೈ ಹಿಂದಕ್ಕೆ ತೆಗೆದುಕೊಂಡರು. "ಮಾಸ್ತರ್ರ ಮಂದಿ ನೀವು, ರೊಕ್ಕ ಯಾಕ?" ಆಗ ಅಳಿಯ ಮಾರಂಗುವಿನ ಪದ್ಧತಿ ಹೇಳಿದ. ಅಲ್ಲಿ ನಡೆಸಿಕೊಂಡು ಹೋದವನಿಗೆ ಇಷ್ಟು ಕೂಲಿ ಅಂತ ಗೊತ್ತಿರುತ್ತದೆ, ಅದರ ಮೇಲೊಂದು ಪಾಲು ಊರ ಶಾಲೆಗೋ ನೀರಿನ ಕೆಲಸಕ್ಕೋ ಹೋಗುತ್ತದೆ. ದಾರಿ ತೋರಿದವನನ್ನು ಅವರು ಮರೆಯುವುದೂ ಇಲ್ಲ. 1889ರಲ್ಲಿ ಹಾನ್ಸ್ ಮೇಯರ್ ಅನ್ನುವ ಜರ್ಮನ್ ಕಿಲಿಮಂಜಾರೋದ ತುದಿ ಮುಟ್ಟಿದಾಗ ಜೊತೆಗಿದ್ದ ಚಗ್ಗಾ ಯುವಕ ಲಾವೋ ಅಂತ ಆ ಊರಿನಲ್ಲಿ ಎಲ್ಲರೂ ಹೇಳುತ್ತಾರೆ, ಅವನ ಹೆಸರು ಮಕ್ಕಳಿಗೂ ಗೊತ್ತು. ಅಜ್ಜ ಎಲ್ಲ ಕೇಳಿಸಿಕೊಂಡು, "ದಾನ ಆದ್ರ ಬ್ಯಾಡ. ಕೂಲಿ ಆದ್ರ ಕೊಡು" ಅಂದು ಕೈ ಮುಂದೆ ಚಾಚಿದರು. ಎಣಿಸಿದರು. ಅದರಲ್ಲಿ ಒಂದು ನೋಟು ಮೊಮ್ಮಗನಿಗೆ ಕೊಟ್ಟು, "ಸಾಲಿ ನೋಟಬುಕ್ಕಿಗೆ" ಅಂದರು.

ನಾನು ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ. ಟೇಲರ್ ಹೆಸರು ಪುಸ್ತಕಗಳಲ್ಲಿದೆ, ಇರಲಿ. ಅವನಿಗೆ ಈ ಗುಡ್ಡದ ಸುದ್ದಿ ಹೇಳಿದವರ ಹೆಸರು ನಾನು ಓದಿದ ಯಾವುದರಲ್ಲೂ ಸಿಕ್ಕಿಲ್ಲ. ಗುಡ್ಡ ಗೊತ್ತಿರುವುದು ಕುರಿ ಕಾಯುವವನಿಗೆ. ಎಲ್ಲಿ ಕರಡಿ, ಎಲ್ಲಿ ನೀರು, ಎಷ್ಟು ಹೊತ್ತಿಗೆ ಬಂಡೆ ಕಾಯುತ್ತದೆ, ಎಲ್ಲ ಅವನ ಅಂಗಾಲಿಗೆ ಗೊತ್ತು. ಆ ಅರಿವಿಗೆ ಕೂಲಿ ಇಲ್ಲದಿದ್ದರೆ ಅವನ ಮೊಮ್ಮಗ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಆಮೇಲೆ ಅಮಾವಾಸ್ಯೆಯ ರಾತ್ರಿ ಅಗೆಯಲು ಬರುವವನನ್ನು ತಡೆಯಲು ಗುಡ್ಡದಲ್ಲಿ ಯಾರಿರುತ್ತಾರೆ?

ಇಳಿಯುವಾಗ ಅಜ್ಜ, ಆನೆಗೊಂದಿಗೆ ತಾನೂ ಬರುತ್ತೇನೆ ಅಂದರು. ದುರ್ಗಾದೇವಿಗೆ ಒಂದು ಹರಕೆ ಬಾಕಿ ಇತ್ತಂತೆ. ಆಟೋದಲ್ಲಿ ಗಂಗಾವತಿ ದಾಟಿ ಆನೆಗೊಂದಿ ದಾರಿ ಹಿಡಿದಾಗ ಅವರು ಹೊರಗೆ ತಲೆ ಹಾಕಿ ನೋಡುತ್ತಲೇ ಇದ್ದರು. ಕೊಯ್ದ ಭತ್ತದ ಗದ್ದೆ, ಹುಲ್ಲಿನ ಬಣವೆ, ಆಮೇಲೆ ಬಂಡೆಗಳ ನಡುವೆ ಹಸಿರು ಬಾಳೆ. "ಇಲ್ಲಿಯವ್ರಿಗೆ ಮಳಿ ಚಿಂತಿ ಇಲ್ಲ ನೋಡ್ರಿ" ಅಂದರು. ಆ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಮುಗಿಲು ನೋಡಿ ಬದುಕುವವನ ಲೆಕ್ಕ ಅದು.

ಅಳಿಯನಿಗೆ ನಾನು ಕೊಡಬೇಕಾದ ಉತ್ತರ ಅಲ್ಲೇ ಇತ್ತು. ಊರ ಹೆಬ್ಬಾಗಿಲ ಬಳಿ ಇಳಿದು ಮೊದಲು ಕಾಲುವೆಗೆ ಕರೆದುಕೊಂಡು ಹೋದೆ. ಗುಡಿಯಲ್ಲ, ಗಗನಮಹಲ್ ಅಲ್ಲ, ಕಾಲುವೆ. ವಿಜಯನಗರದ ಕಾಲದವರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಒಡ್ಡು ಹಾಕಿ ಎರಡೂ ದಂಡೆಗೆ ನೀರು ತಿರುಗಿಸಿದರು. ಬಂಡೆ ಅಡ್ಡ ಬಂದಲ್ಲಿ ಬಳಸಿಕೊಂಡು ಹೋದರು, ಬಳಸಲು ಆಗದಲ್ಲಿ ಕಡಿದು ದಾರಿ ಮಾಡಿದರು. ವಿಜಯನಗರ ಪಟ್ಟಣ ಸುಟ್ಟು 450 ವರ್ಷ ದಾಟಿದೆ. 1565ರಲ್ಲಿ ಅರಮನೆ ಹೋಯಿತು, ಬಜಾರು ಹೋಯಿತು. ಕಾಲುವೆ ಮಾತ್ರ ನಿಲ್ಲಲಿಲ್ಲ. ಮೇಲೆ ಮುನಿರಾಬಾದಿನಲ್ಲಿ ಅಣೆಕಟ್ಟು ಎದ್ದ ಮೇಲೂ ಹಳೆಯ ಕಾಲುವೆಗಳು ತಮ್ಮ ಹೊಲಗಳಿಗೆ ನೀರುಣಿಸುತ್ತಲೇ ಇವೆ. ದಂಡೆಯ ಮೇಲೆ ನಡೆಯುತ್ತ ಅಳಿಯ ತನ್ನ ಚಗ್ಗಾ ಗೆಳೆಯನಿಗೆ ಕಾಲುವೆಯ ವಿಡಿಯೋ ಮಾಡಿ ಕಳಿಸಿದ. ಅಲ್ಲಿಂದ ಸ್ವಾಹಿಲಿಯಲ್ಲಿ ದನಿ ಬಂತು. ಏನಂತೆ ಅಂದೆ. "ಹೂಳು ಯಾರು ತಗೀತಾರ ಅಂತ ಕೇಳಾಕತ್ಯಾನ" ಅಂದ. ಆ ಪ್ರಶ್ನೆ ಕೇಳಿ ಅಜ್ಜನಿಗೆ ಆ ಕಾಣದ ಮನುಷ್ಯನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, "ಶಾಣ್ಯಾ ಅದಾನ ಅಂವ" ಅಂತ ದಾರಿಯುದ್ದಕ್ಕೂ ಅಂದರು.

ರಂಗನಾಥನ ಗುಡಿಯ ಮುಂದಿನ ಬಯಲು, ತೇರು, ಗಗನಮಹಲಿನ ಕಿಟಕಿಗಳು, ಇವನ್ನೆಲ್ಲ ನೋಡಿದೆವು. ಹುಚ್ಚಪ್ಪಯ್ಯನ ಮಠದ ಕರಿಗಲ್ಲಿನ ನುಣುಪು ಕಂಬಗಳ ಮುಂದೆ ಸ್ವಲ್ಪ ಹೆಚ್ಚು ನಿಂತೆವು. ವಿಜಯನಗರಕ್ಕೂ ಮೊದಲಿನ ಕೆತ್ತನೆ ಅದು. ಒಂದು ಮನೆಯ ಕಟ್ಟೆಯಲ್ಲಿ ಅಕ್ಕಂದಿರು ಬಾಳೆಯ ನಾರು ಹೊಸೆದು ಚೀಲ ಹೆಣೆಯುತ್ತಿದ್ದರು. ಇಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಈ ಕಸುಬು ಬೆಳೆಸಿತು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ದಿಂಡಿನಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಕೂತವರಲ್ಲಿ ಒಬ್ಬಾಕೆ ನಮಗೆ ನೀರು ಕೊಟ್ಟು, ಎಲ್ಲಿಂದ ಬಂದಿರಿ ಅಂದರು. ಮೊರ್ಯರ ಗುಡ್ಡದಿಂದ ಅಂದಾಗ, "ಯವ್ವಾ, ಇದ ಕಾಲಿಲೇ?" ಅಂತ ಅಜ್ಜನ ಕಾಲು ನೋಡಿದರು.

ಹೊಳೆಯ ದಂಡೆಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. 64 ಕಂಬದ ಮಂಟಪ ನೀರಿನ ಅಂಚಿನಲ್ಲಿ ನಿಂತಿತ್ತು. ಕೃಷ್ಣದೇವರಾಯನ ಸಮಾಧಿ ಅಂತ ಊರವರ ನಂಬಿಕೆ. ಆಚೆ ತಳವಾರಘಟ್ಟದ ಕಡೆ ನೋಡಿದರೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದ ಸೇತುವೆ ನೆನಪಾಗುತ್ತದೆ. ಅದರಡಿ ಕೂಲಿಕಾರರು ಸತ್ತರು. ಅವರಿಗೆ ಯಾರೂ ಕಲ್ಲು ನೆಡಲಿಲ್ಲ ಅಂತ ನನಗೆ ಆ ದಿನ, ಆ ಗುಡ್ಡದಿಂದ ಇಳಿದು ಬಂದದ್ದಕ್ಕೋ ಏನೋ, ಬಹಳ ಸಂಕಟವಾಯಿತು.

ನವಬೃಂದಾವನದ ನಡುಗಡ್ಡೆಗೆ ದಾಟಿಸಿದ ಅಂಬಿಗ ನನ್ನ ವಯಸ್ಸಿನವರೇ. ಹರಿಗೋಲಿನ ಬಿದಿರ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಅಜ್ಜ ಹೊಳೆ ಕಂಡರೆ ಹೆದರುವವರು. ನಡುವೆ ಕೂತು ಎರಡೂ ಕೈಯಿಂದ ಕೋಲು ಹಿಡಿದುಕೊಂಡಿದ್ದರು. ಅವರ ಹೆದರಿಕೆ ಮರೆಸಲೋ ಏನೋ, ಅಂಬಿಗ 2019ರ ಜುಲೈ ತಿಂಗಳ ಕಥೆ ತೆಗೆದರು. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು ಅಲ್ಲಿವೆ. ಅದರಲ್ಲಿ ವ್ಯಾಸರಾಜರದು ಒಂದು. ಕೃಷ್ಣದೇವರಾಯ ಗುರುವೆಂದು ಗೌರವಿಸಿದವರು, ಪುರಂದರದಾಸರಿಗೆ ದೀಕ್ಷೆ ಕೊಟ್ಟವರು, 1539ರಲ್ಲಿ ತೀರಿಕೊಂಡವರು. ಆ ಜುಲೈನ ಒಂದು ರಾತ್ರಿ ನಿಧಿಯ ಆಸೆಗೆ ಬಂದವರು ಅವರ ಬೃಂದಾವನವನ್ನೇ ಕಿತ್ತು, ಬುಡ ಅಗೆದು ಹೋಗಿದ್ದರು. ಬೆಳಿಗ್ಗೆ ಸುದ್ದಿ ಹರಡಿತು. ಬೇರೆ ಬೇರೆ ಮಠಗಳವರು, ಸುತ್ತಲಿನ ಊರವರು ನಡುಗಡ್ಡೆಗೆ ಬಂದು ಸೇರಿದರು. "ಹರಿಗೋಲು ದಂಡಿಗೆ ನಿಂತದ್ದ ಇಲ್ರಿ ಆ ದಿನ. ಮಂದಿ ಅಳಕೋತ ಹತ್ತೂರು. ಒಂದೊಂದ ಕಲ್ಲ ಜೋಡಿಸಿ ತಿರುಗಿ ನಿಂದ್ರಿಸಿದ್ರು" ಅಂದರು ಅಂಬಿಗ. ಒಡೆದ ಬೃಂದಾವನ ಎರಡು ದಿನದೊಳಗೆ ಮತ್ತೆ ಎದ್ದು ನಿಂತಿತ್ತು.

ಅಜ್ಜ ನಡುಗಡ್ಡೆಯ ಮೇಲೆ ದೂರ ನಿಂತೇ ಕೈಮುಗಿದರು. ತಿರುಗಿ ಬರುವಾಗ ಅಂಬಿಗನನ್ನು ಕೇಳಿದರು, "ಏನರ ಸಿಕ್ಕಿತೇನು ಅವರಿಗೆ?" "ಮಣ್ಣ ಸಿಕ್ತು" ಅಂದರು ಅಂಬಿಗ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರು ಗುಡ್ಡದವರು, ಇನ್ನೊಬ್ಬರು ಹೊಳೆಯವರು. ಅವತ್ತೇ ಮೊದಲ ಭೇಟಿ. ದಂಡೆಗೆ ಇಳಿದ ಮೇಲೆ ಎಲೆ ಅಡಿಕೆ ಹಂಚಿಕೊಂಡು ತಿನ್ನುತ್ತ ಅರ್ಧ ತಾಸು ಕೂತರು. ನಾವು ಕಾದೆವು, ಅವಸರ ಮಾಡಲಿಲ್ಲ.

ಆ ದಿನ ನಾವು ಅಂಜನಾದ್ರಿ ಹತ್ತಲಿಲ್ಲ. ಹತ್ತಬಾರದೆಂದಲ್ಲ. ಮಾರ್ಗಶಿರದಲ್ಲಿ ಹನುಮಮಾಲೆ ತೊಟ್ಟವರು ಕಾಲ್ನಡಿಗೆಯಲ್ಲಿ ಬಂದು 575 ಮೆಟ್ಟಿಲು ಏರಿ ಮಾಲೆ ಇಳಿಸುವುದನ್ನು ನೋಡಿದವರಿಗೆ ಆ ಬೆಟ್ಟದ ಬಲ ಗೊತ್ತು. ಆದರೆ ಬಂದವರಲ್ಲಿ ಬಹಳ ಜನ ಆ ಮೆಟ್ಟಿಲು ಇಳಿದು ನೇರ ಗಾಡಿ ಹತ್ತುತ್ತಾರೆ. ಎರಡು ಹೆಜ್ಜೆ ಆಚೆ ಪಂಪಾ ಸರೋವರದ ತಾವರೆ, ಶಬರಿಯ ಗವಿ, ಇನ್ನೊಂದು ದಿಕ್ಕಿಗೆ ದುರ್ಗಾಬೆಟ್ಟದ ಹಳೆಯ ಕೋಟೆ ಹಾಗೇ ಉಳಿಯುತ್ತವೆ. ಅವತ್ತು ಬೆಳಕು ಇರುವಷ್ಟು ಹೊತ್ತನ್ನು ನಾವು ಅಜ್ಜನ ಹರಕೆಗೆ ಕೊಟ್ಟೆವು.

ದುರ್ಗಾದೇವಿ ಗುಡಿಯ ಅಂಗಳದ ಮರದಲ್ಲಿ ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿಗಳು ತೂಗುತ್ತಿದ್ದವು. ವಿಜಯನಗರದ ಅರಸರು ದಂಡೆತ್ತಿ ಹೋಗುವ ಮುಂಚೆ ಇಲ್ಲಿ ಪೂಜೆ ಮಾಡುತ್ತಿದ್ದರು ಅಂತ ಪ್ರತೀತಿ. ಅಜ್ಜ ಕಾಯಿ ಕಟ್ಟಿದರು. ಏನು ಬೇಡಿಕೊಂಡರೋ ಕೇಳಲಿಲ್ಲ. ಅಲ್ಲಿಂದ ಕೋಟೆಯ ಬಾಗಿಲು ದಾಟಿ ಬಂಡೆಗಳ ಮೇಲೆ ಏರಿದೆವು. ಕೋಟೆಗೋಡೆ ಕಂಡದ್ದೇ ಅಜ್ಜನಿಗೆ ಗಂಡುಗಲಿ ಕುಮಾರರಾಮ ನೆನಪಾದ. ನಾನು 1327, ಮುಹಮ್ಮದ್ ಬಿನ್ ತುಘಲಕ್, ಆಶ್ರಯ ಬೇಡಿ ಬಂದ ಬಹಾವುದ್ದೀನ್ ಗರ್ಷಾಸ್ಪ್, ಅವನನ್ನು ಬಿಟ್ಟುಕೊಡಲು ಒಪ್ಪದ ಕುಮಾರರಾಮನ ತಂದೆ ಕಂಪಿಲರಾಯ ಅಂತ ಹೇಳಬಹುದಿತ್ತು. ಅಜ್ಜ ಹೇಳಿದ್ದು ಬೇರೆ ರೀತಿ. "ಮನಿಗೆ ಬಂದಾಂವ ವೈರಿ ಮಂದ್ಯಾಗಿನಾಂವ. ಆದ್ರೂ ಬಂದಾನ, ಕೈ ಹಿಡದಾನ. ಹ್ಯಾಂಗ ಬಿಡೂದು? ಬಿಡಲಿಲ್ಲ. ಊರು ಹೋತು, ಮಗನೂ ಹ್ವಾದ." ಆ ಅಪ್ಪ ಮಗನ ಕುಮ್ಮಟದುರ್ಗ ಇರುವುದು ಅಜ್ಜನ ಊರಿನ ಸೀಮೆಯಲ್ಲೇ. ಅವರ ಬಾಯಲ್ಲಿ ಕುಮಾರರಾಮ ಪಕ್ಕದ ಓಣಿಯ ಹುಡುಗ. ಅಳಿಯ ಬಂಡೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು ಕೇಳಿದ. ಕತ್ತಲಾಗುವ ಮೊದಲೇ ಇಳಿಯಬೇಕು, ಈ ಗುಡ್ಡಗಳಲ್ಲಿ ಚಿರತೆ ಇದೆ, ಅಂತ ನಾನು ಎಬ್ಬಿಸಿದೆ.

ಮಕ್ಕಳು ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡು ಸೀತನಿಗೆ ಕೈಚಾಚಿದರು. ಇನ್ನೂ ಸ್ವಲ್ಪ ಇತ್ತು. ಮುಂದಿನ ರಜೆಗೆ ಅಳಿಯ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದ. ಮೋಶಿಯಲ್ಲಿ ಹುಟ್ಟಿದ ಮಕ್ಕಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಸ್ವಾಹಿಲಿ. ಅಜ್ಜನ ಕೂಲಿ ಎಷ್ಟು ಅಂತ ಈ ಸಲ ಮುಂಚೆಯೇ ಮಾತಾಗಿತ್ತು. ಅವರ ಮೊಮ್ಮಗನೂ ಹೊಸ ಅಂಗಿ ತೊಟ್ಟು ಬಂದಿದ್ದ, ಅರ್ಧ ದಾರಿ ತಾನೇ ಮುಂದೆ ನಡೆಯುತ್ತೇನೆ ಅಂತ ಹಟ ಹಿಡಿದು. ಅಗಸಿಯಲ್ಲಿ ಅಜ್ಜ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೀಲ ಬಿಚ್ಚಿಸಿ ನೋಡಿದರು. "ನೀರಿನ ಬಾಟ್ಲಿ ಎಷ್ಟ ಅದಾವ? ಅಷ್ಟೂ ತಿರುಗಿ ಕೆಳಗ ಬರಬೇಕು ಮತ್ತ. ಕಲ್ಲಿನ ಮ್ಯಾಲ ಹೆಸರ ಬರ್‍ಯಾಂಗಿಲ್ಲ. ನಗಾರಿ ಒಂದ ಸಲ, ಅದೂ ನಾ ಬಾರಸ್ತೀನಿ, ನೀವು ಓ ಅನ್ನಬೇಕು. ಹೂಂ, ನಡೀರಿ, ಬಂಡಿ ಕಾಯೂದ್ರಾಗ ಮ್ಯಾಲ ಮುಟ್ಟೂಣು."